ದೊಡ್ಡಮ್ಮನ ಬೇರೆ ತಟ್ಟೆ

ತಿಪಟೂರಿನ ನಮ್ಮ ದೊಡ್ಡಮ್ಮನ ಅಡುಗೆಮನೆಯಲ್ಲಿ, ಕಿಟಕಿ ಪಕ್ಕದ ಗೂಡಿನಲ್ಲಿ, ಒಂದು ಸ್ಟೀಲ್ ತಟ್ಟೆ ಮತ್ತು ಒಂದು ಲೋಟ ಬೇರೆಯಾಗಿ ಇರುತ್ತಿದ್ದವು. ಮಿಕ್ಕ ಪಾತ್ರೆಗಳ ಜೊತೆ ಅವು ಎಂದೂ ಸೇರುತ್ತಿರಲಿಲ್ಲ. ಊಟವಾದ ಮೇಲೆ ದೊಡ್ಡಮ್ಮ ಅವನ್ನು ತಾವೇ ಹಿತ್ತಲಿಗೆ ತೆಗೆದುಕೊಂಡು ಹೋಗಿ, ಕುದಿಯುವ ನೀರು ಸುರಿದು, ತೊಳೆದು, ಬಿಸಿಲಿಗೆ ಕವುಚಿ ಹಾಕುತ್ತಿದ್ದರು. ಹಾಗೆ ಮಾಡಿ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. 2014ರಲ್ಲಿ ಡಾಕ್ಟರ್ ‘ಟಿಬಿ’ ಅಂದ ದಿನ ಸಂಜೆಯೇ ಅವರು ಮಾಡಿಕೊಂಡ ಏರ್ಪಾಡು ಅದು.

ಅವರಿಗೆ ಟಿಬಿ ಹೊಸದೇನೂ ಅಲ್ಲ. 1986ರಲ್ಲಿ ಒಮ್ಮೆ ಬಂದಿತ್ತು. ಆಗ ಇಂಜೆಕ್ಷನ್ ಚುಚ್ಚಿಸಿಕೊಂಡು, ಒಂದು ವರ್ಷಕ್ಕಿಂತ ಜಾಸ್ತಿ ಮಾತ್ರೆ ನುಂಗಿ ಗುಣವಾಗಿದ್ದರು. ಬಲಗಡೆ ಶ್ವಾಸಕೋಶದ ಮೇಲ್ಭಾಗದಲ್ಲಿ ಒಂದು ಕಲೆ ಉಳಿದಿತ್ತು. ಯಾವ ಎಕ್ಸ್‌ರೇ ತೆಗೆದರೂ ಅದು ಕಾಣುತ್ತಿತ್ತು. ಆದ್ದರಿಂದ 28 ವರ್ಷದ ಮೇಲೆ ಮತ್ತೆ ಕೆಮ್ಮು ಶುರುವಾಗಿ, ಕಫದ ಪರೀಕ್ಷೆಯಲ್ಲಿ ಪಾಸಿಟಿವ್ ಬಂದಾಗ ಯಾರಿಗೂ ಅನುಮಾನ ಬರಲಿಲ್ಲ. ಹಳೇ ಟಿಬಿ ಮತ್ತೆ ಎದ್ದಿದೆ ಅಂದುಕೊಂಡೆವು.

ಆರು ತಿಂಗಳ ಮಾತ್ರೆ ಆಯಿತು. ಸ್ವಲ್ಪ ಹುಷಾರಾದರು. 2016ರಲ್ಲಿ ಮತ್ತೆ ಕೆಮ್ಮು, ಮತ್ತೆ ಪಾಸಿಟಿವ್. ಈ ಸಲ ಎಂಟು ತಿಂಗಳ ಕೋರ್ಸು, ಅದರಲ್ಲಿ ಮೊದಲ ಎರಡು ತಿಂಗಳು ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್. ಮತ್ತೆ ಸ್ವಲ್ಪ ಹುಷಾರಾದರು. ಆದರೆ ಮೈ ಹಿಡಿಯಲಿಲ್ಲ. ರವಿಕೆಗಳನ್ನೆಲ್ಲ ಹಿಡಿಸಿಕೊಳ್ಳಬೇಕಾಯಿತು. 2019ರಲ್ಲಿ ಮೂರನೇ ಸಲ ಕಫ ಪಾಸಿಟಿವ್ ಬಂದಾಗ ಆಸ್ಪತ್ರೆಯಲ್ಲಿ ಒಬ್ಬರು ದೊಡ್ಡಮ್ಮನ ಎದುರೇ ಕೇಳಿದರು, “ಮಾತ್ರೆ ಸರಿಯಾಗಿ ತಗೋತಿದ್ರೇನಮ್ಮ? ನಿಜ ಹೇಳಿ.” ದೊಡ್ಡಮ್ಮ ಖಾಲಿ ಮಾತ್ರೆ ಪಟ್ಟಿಗಳನ್ನೆಲ್ಲ ಒಂದು ಬಟ್ಟೆ ಚೀಲದಲ್ಲಿ ಕೂಡಿಟ್ಟಿದ್ದರು. ಅದನ್ನು ಅವರ ಮೇಜಿನ ಮೇಲೆ ಸುರಿದರು. ಒಂದು ದಿನವೂ ತಪ್ಪಿಸಿರಲಿಲ್ಲ. ಆ ಪ್ರಶ್ನೆ ಅವರಿಗೆ ಕೊಟ್ಟ ನೋವನ್ನು ನೆನೆದರೆ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ.

ಅದೇ ವರ್ಷ ಬೆಂಗಳೂರಿನಲ್ಲಿ ಒಬ್ಬ ಶ್ವಾಸಕೋಶದ ಡಾಕ್ಟರ್ ಎರಡು ರಿಪೋರ್ಟ್‌ಗಳನ್ನು ಅಕ್ಕಪಕ್ಕ ಇಟ್ಟುಕೊಂಡು ತುಂಬ ಹೊತ್ತು ನೋಡಿದರು. ಒಂದು ಮೈಕ್ರೋಸ್ಕೋಪಿನಲ್ಲಿ ನೋಡಿದ ಕಫದ ರಿಪೋರ್ಟ್. ಅದು ಪಾಸಿಟಿವ್. ಇನ್ನೊಂದು ಸಿಬಿನಾಟ್, ಅಂದರೆ ಕಫದಲ್ಲಿ ಟಿಬಿ ಬ್ಯಾಕ್ಟೀರಿಯಾದ ಜೀನ್ ಇದೆಯೇ ಅಂತ ಮೆಷಿನ್‌ನಲ್ಲಿ ಹುಡುಕುವ ಪರೀಕ್ಷೆ. ಅದರಲ್ಲಿ ಟಿಬಿ ಬ್ಯಾಕ್ಟೀರಿಯಾ ಸಿಕ್ಕಿಲ್ಲ ಅಂತಿತ್ತು. “ಅಮ್ಮ, ಇವೆರಡೂ ಸರಿ ಇರಬಹುದು,” ಅಂದರು. “ನಿಮ್ಮ ಕಫದಲ್ಲಿ ಬ್ಯಾಕ್ಟೀರಿಯಾ ಇದೆ. ಆದರೆ ಅದು ಟಿಬಿದು ಅಲ್ಲದೇ ಇರಬಹುದು.”

ಆ ಮಾತು ಅರ್ಥವಾಗಬೇಕಾದರೆ ಕಫದ ಪರೀಕ್ಷೆ ಹೇಗೆ ನಡೆಯುತ್ತದೆ ಅಂತ ತಿಳಿಯಬೇಕು. ಗಾಜಿನ ಪಟ್ಟಿಯ ಮೇಲೆ ಕಫ ಸವರಿ, ಕೆಂಪು ಬಣ್ಣ ಹಾಕಿ ಬಿಸಿ ಮಾಡುತ್ತಾರೆ. ಆಮೇಲೆ ಅದನ್ನು ಆಸಿಡ್‌ನಿಂದ ತೊಳೆಯುತ್ತಾರೆ. ಬೇರೆ ಬ್ಯಾಕ್ಟೀರಿಯಾಗಳೆಲ್ಲ ಬಣ್ಣ ಬಿಟ್ಟುಬಿಡುತ್ತವೆ. ಮೈಕೋಬ್ಯಾಕ್ಟೀರಿಯಂ ಅನ್ನೋ ಕುಲದವು ಮಾತ್ರ ಬಿಡುವುದಿಲ್ಲ. ಅವುಗಳ ಮೈಮೇಲೆ ಮೇಣದಂಥ ದಪ್ಪ ಹೊದಿಕೆ ಇದೆ. ಬಿಳಿ ಪಂಚೆಗೆ ಹತ್ತಿದ ಅರಿಶಿನದ ಹಾಗೆ ಬಣ್ಣ ಅಲ್ಲೇ ಕಚ್ಚಿಕೊಳ್ಳುತ್ತದೆ. ಮೈಕ್ರೋಸ್ಕೋಪಿನಲ್ಲಿ ನೀಲಿ ಹಿನ್ನೆಲೆಯ ಮೇಲೆ ಸಣ್ಣ ಕೆಂಪು ಕಡ್ಡಿಗಳು ಕಾಣುತ್ತವೆ. ಕಂಡರೆ ಪಾಸಿಟಿವ್.

ಆದರೆ ಆ ಕುಲದಲ್ಲಿ ಟಿಬಿ ಬ್ಯಾಕ್ಟೀರಿಯಾ ಒಂದೇ ಇಲ್ಲ. ಹತ್ತಿರ ಹತ್ತಿರ 200 ಜಾತಿಗಳಿವೆ. ಕ್ಷಯ ಮತ್ತು ಕುಷ್ಠ ತರುವವನ್ನು ಬಿಟ್ಟು ಉಳಿದವನ್ನೆಲ್ಲ ಸೇರಿಸಿ ಎನ್‌ಟಿಎಂ ಅನ್ನುತ್ತಾರೆ. ಅಂದರೆ ‘ಟಿಬಿಯದಲ್ಲದ ಮೈಕೋಬ್ಯಾಕ್ಟೀರಿಯಾ’. ಏನು ಅಲ್ಲ ಅನ್ನೋದರಿಂದಲೇ ಹೆಸರು ಪಡೆದ ಗುಂಪು ಇದು. ಇವೂ ಅದೇ ಕೆಂಪು ಕಡ್ಡಿಗಳಾಗಿಯೇ ಕಾಣುತ್ತವೆ. ಮೈಕ್ರೋಸ್ಕೋಪಿನ ಮುಂದೆ ಕೂತವರು ಎಷ್ಟೇ ಅನುಭವಿಗಳಾದರೂ ನೋಡಿ ಬೇರೆ ಮಾಡಲು ಆಗುವುದಿಲ್ಲ. ನಮ್ಮ ದೇಶದಲ್ಲಿ ಟಿಬಿ ಅಷ್ಟು ಜಾಸ್ತಿ ಇರುವುದರಿಂದ ಕೆಂಪು ಕಡ್ಡಿ ಕಂಡರೆ ಟಿಬಿ ಅಂದುಕೊಳ್ಳುವುದು ಹೆಚ್ಚಿನ ಸಲ ಸರಿಯೇ ಆಗುತ್ತದೆ. ಆ ‘ಹೆಚ್ಚಿನ ಸಲ’ದ ಹೊರಗೆ ಉಳಿದವರು ನಮ್ಮ ದೊಡ್ಡಮ್ಮನಂಥವರು.

ಡಾಕ್ಟರ್ ಬೇರೆ ಬೇರೆ ದಿನ ಎರಡು ಡಬ್ಬಿ ಕಫ ತರಿಸಿ ಕಲ್ಚರ್‌ಗೆ, ಅಂದರೆ ಲ್ಯಾಬ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವುದಕ್ಕೆ, ಕಳಿಸಿದರು. ಒಂದೇ ಸಲ ಬೆಳೆದರೆ ನಂಬುವ ಹಾಗಿಲ್ಲ. ಈ ಬ್ಯಾಕ್ಟೀರಿಯಾ ನಲ್ಲಿ ನೀರಿನಲ್ಲೂ ಇರುತ್ತದೆ, ಬಾಯಿ ಮುಕ್ಕಳಿಸಿದ ನೀರಿನಿಂದಲೂ ಡಬ್ಬಿಗೆ ಸೇರಬಹುದು. ಅದಕ್ಕೇ ಎರಡು ಬೇರೆ ಕಫದಲ್ಲಿ ಅದೇ ಜಾತಿ ಬೆಳೆಯಬೇಕು, ಸಿ.ಟಿ. ಸ್ಕ್ಯಾನ್‌ನಲ್ಲಿ ತಕ್ಕ ಗುರುತು ಇರಬೇಕು, ರೋಗಿಗೆ ತೊಂದರೆಯೂ ಇರಬೇಕು. ಮೂರೂ ಕೂಡಿದರೆ ಮಾತ್ರ ಕಾಯಿಲೆ ಅನ್ನುತ್ತಾರೆ. ಕಲ್ಚರ್ ಅಂದರೆ ಕಾಯುವ ಕೆಲಸ. ಇವುಗಳಲ್ಲಿ ಬಹಳಷ್ಟು ನಿಧಾನವಾಗಿ ಬೆಳೆಯುತ್ತವೆ. ವಾರಗಟ್ಟಲೆ ಕಾದ ಮೇಲೆ ಹೆಸರು ಬಂತು: ಮೈಕೋಬ್ಯಾಕ್ಟೀರಿಯಂ ಇಂಟ್ರಾಸೆಲ್ಯುಲೇರ್.

ಆ ಹೆಸರು ಹಿಡಿದುಕೊಂಡು ನಾನು ಓದತೊಡಗಿದೆ. 1882ರ ಮಾರ್ಚ್ 24ರಂದು ರಾಬರ್ಟ್ ಕಾಕ್ ಬರ್ಲಿನ್‌ನಲ್ಲಿ ಕ್ಷಯದ ಬ್ಯಾಕ್ಟೀರಿಯಾ ಕಂಡುಹಿಡಿದಿದ್ದನ್ನು ಹೇಳಿದ ದಿನವನ್ನು ಎಲ್ಲರೂ ನೆನೆಯುತ್ತಾರೆ. ಈ ಇನ್ನೊಂದು ಕತೆಗೆ ಅಂಥ ದಿನ ಇಲ್ಲ. ಇದು 1950ರ ದಶಕದಲ್ಲಿ, ಟಿಬಿ ಆಸ್ಪತ್ರೆಗಳ ಒಳಗೇ ಶುರುವಾಯಿತು. ಆಗ ತಾನೇ ಟಿಬಿಗೆ ಒಳ್ಳೆಯ ಔಷಧಿ ಬಂದಿತ್ತು. ಪಕ್ಕದ ಹಾಸಿಗೆಯವರು ಗುಣವಾಗಿ ಮನೆಗೆ ಹೋಗುತ್ತಿದ್ದರು. ಕೆಲವರು ಮಾತ್ರ ಅದೇ ಔಷಧಿ ತೆಗೆದುಕೊಂಡರೂ ಅಲ್ಲೇ ಉಳಿದರು. 1953ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಬ್ಯೂಲರ್ ಮತ್ತು ಪೊಲಾಕ್ ಅನ್ನುವವರು ಅಂಥ ರೋಗಿಗಳ ಕಫದಲ್ಲಿ ಹಳದಿ ಬಣ್ಣದ ಬೇರೆಯೇ ಬ್ಯಾಕ್ಟೀರಿಯಾ ಬೆಳೆದಿದ್ದನ್ನು ಬರೆದರು. ಇವತ್ತು ಅದಕ್ಕೆ ಕಾನ್ಸಾಸಿ ಅಂತಲೇ ಹೆಸರು. ಜಾರ್ಜಿಯಾ ರಾಜ್ಯದ ಬ್ಯಾಟಿ ಅನ್ನುವ ಟಿಬಿ ಆಸ್ಪತ್ರೆಯಲ್ಲಿ ಸಿಕ್ಕ ಇನ್ನೊಂದನ್ನು ಬಹಳ ಕಾಲ ‘ಬ್ಯಾಟಿ ಬ್ಯಾಸಿಲಸ್’ ಅಂತ ಕರೆಯುತ್ತಿದ್ದರು. ಅದೇ ನಮ್ಮ ದೊಡ್ಡಮ್ಮನ ಇಂಟ್ರಾಸೆಲ್ಯುಲೇರ್. 1959ರಲ್ಲಿ ಅರ್ನೆಸ್ಟ್ ರನ್ಯನ್ ಇವನ್ನೆಲ್ಲ ನಾಲ್ಕು ಗುಂಪು ಮಾಡಿದರು. ಬೆಳಕಿನಲ್ಲಿಟ್ಟರೆ ಬಣ್ಣ ಬರುತ್ತದೋ, ಕತ್ತಲಲ್ಲೂ ಬರುತ್ತದೋ, ಬರುವುದೇ ಇಲ್ಲವೋ, ಬೇಗ ಬೆಳೆಯುತ್ತದೋ, ಇಷ್ಟನ್ನೇ ನೋಡಿ.

ಔಷಧಿ ತೆಗೆದುಕೊಂಡರೂ ಅಲ್ಲೇ ಉಳಿದ ಆ ಜನರ ಬಗ್ಗೆ ಓದುವಾಗ ನನಗೆ ಮಾತ್ರೆ ಪಟ್ಟಿಗಳ ಬಟ್ಟೆ ಚೀಲ ಕಣ್ಣ ಮುಂದೆ ಬಂತು. ಅವರನ್ನೂ ಯಾರೋ ಕೇಳಿರುತ್ತಾರೆ, ಮಾತ್ರೆ ಸರಿಯಾಗಿ ತಗೊಂಡಿರಾ ಅಂತ.

ಹಾಗಾದರೆ ಟಿಬಿ ಮಾತ್ರೆಯಿಂದ ದೊಡ್ಡಮ್ಮ ಪ್ರತಿ ಸಲ ಸ್ವಲ್ಪ ಹುಷಾರಾಗಿದ್ದು ಹೇಗೆ? ನನ್ನನ್ನು ತುಂಬ ಕಾಡಿದ ಪ್ರಶ್ನೆ ಇದು. ಡಾಕ್ಟರ್ ಬಿಡಿಸಿ ಹೇಳಿದರು. ಟಿಬಿಗೆ ಕೊಡುವ ರಿಫಾಂಪಿಸಿನ್ ಮತ್ತು ಎಥಾಂಬುಟಾಲ್ ಇದಕ್ಕೂ ಕೊಡುವ ಔಷಧಿಗಳೇ. ಪೈರಾಜಿನಮೈಡ್ ಇದರ ಮೇಲೆ ಕೆಲಸ ಮಾಡುವುದಿಲ್ಲ. ಇದಕ್ಕೆ ಮುಖ್ಯವಾಗಿ ಬೇಕಾದ್ದು ಅಜಿಥ್ರೊಮೈಸಿನ್ ಅಥವಾ ಅದರ ಜೊತೆಗಾರ ಕ್ಲಾರಿಥ್ರೊಮೈಸಿನ್. ಅದು ಟಿಬಿ ಕೋರ್ಸಿನಲ್ಲಿ ಇಲ್ಲ. ಹೀಗಾಗಿ ಅರ್ಧ ಔಷಧಿ ತಾಗುತ್ತಿತ್ತು, ಅರ್ಧ ತಾಗುತ್ತಿರಲಿಲ್ಲ. ಬ್ಯಾಕ್ಟೀರಿಯಾ ಸ್ವಲ್ಪ ತಗ್ಗುತ್ತಿತ್ತು. ಕೋರ್ಸು ಮುಗಿದ ಮೇಲೆ ಮತ್ತೆ ಎದ್ದೇಳುತ್ತಿತ್ತು. ನಾವು ಗುಣವಾಯಿತು ಅಂತ ಸಂಭ್ರಮಪಟ್ಟ ತಿಂಗಳುಗಳೇ ನಮ್ಮನ್ನು ದಾರಿ ತಪ್ಪಿಸಿದ್ದವು.

ಇಲ್ಲಿ ಒಂದು ಮಾತು ಹೇಳಲೇಬೇಕು. ಅಜಿಥ್ರೊಮೈಸಿನ್ ನಮ್ಮಲ್ಲಿ ಎಲ್ಲ ಮೆಡಿಕಲ್ ಸ್ಟೋರ್‌ನಲ್ಲೂ ಸಿಗುತ್ತದೆ. ಕೆಮ್ಮು ಅಂದರೆ ಸಾಕು, ಮೂರು ದಿನದ ಕೋರ್ಸು ಕೈಗೆ ಕೊಡುತ್ತಾರೆ. ದೊಡ್ಡಮ್ಮನೂ ನಡುನಡುವೆ ನುಂಗಿದ್ದರು. ಈ ಕಾಯಿಲೆ ಇರುವವರು ಆ ಔಷಧಿಯನ್ನು ಒಂಟಿಯಾಗಿ ತೆಗೆದುಕೊಂಡರೆ ಬ್ಯಾಕ್ಟೀರಿಯಾ ಅದಕ್ಕೆ ಜಗ್ಗದ ಹಾಗಾಗಿಬಿಡುತ್ತದೆ. ಆಮೇಲೆ ಚಿಕಿತ್ಸೆಯ ಬೆನ್ನೆಲುಬೇ ಮುರಿದ ಹಾಗೆ. ದೊಡ್ಡಮ್ಮನ ಕಲ್ಚರ್‌ನಲ್ಲಿ ಆ ಔಷಧಿ ಇನ್ನೂ ಕೆಲಸ ಮಾಡುತ್ತಿತ್ತು. ಅದು ನಮ್ಮ ಪುಣ್ಯ. ತಿಂಗಳುಗಟ್ಟಲೆ ಕೆಮ್ಮುವವರಿಗೆ ದಯವಿಟ್ಟು ಅಂಗಡಿಯಿಂದ ಈ ಮಾತ್ರೆ ತಂದುಕೊಡಬೇಡಿ.

ಎಲ್ಲಿಂದ ಬಂತು ಇದು? ಟಿಬಿ ಮನುಷ್ಯರಿಂದ ಮನುಷ್ಯರಿಗೆ ಬರುತ್ತದೆ. ಎನ್‌ಟಿಎಂ ಸಾಮಾನ್ಯವಾಗಿ ಹಾಗೆ ಬರುವುದಿಲ್ಲ. ಸಿಸ್ಟಿಕ್ ಫೈಬ್ರೋಸಿಸ್ ಅನ್ನುವ ಹುಟ್ಟು ಕಾಯಿಲೆ ಇರುವವರ ನಡುವೆ ಅಬ್ಸೆಸಸ್ ಅನ್ನುವ ಒಂದು ಜಾತಿ ಹರಡಿದ ಪುರಾವೆ ಇದೆ. ಅದನ್ನು ಬಿಟ್ಟರೆ ಇದರ ಮನೆ ನೀರು ಮತ್ತು ಮಣ್ಣು. ಮೈಮೇಲಿನ ಅದೇ ಮೇಣ ಇಲ್ಲೂ ಕೆಲಸಕ್ಕೆ ಬರುತ್ತದೆ. ಮೇಣಕ್ಕೆ ನೀರು ಅಂದರೆ ಆಗದು. ಹಾಗಾಗಿ ಬ್ಯಾಕ್ಟೀರಿಯಾ ಪೈಪಿನ ಗೋಡೆಗೆ ಹೋಗಿ ಅಂಟಿಕೊಳ್ಳುತ್ತದೆ, ಲೋಳೆಯ ಪದರ ಕಟ್ಟುತ್ತದೆ. ಕ್ಲೋರಿನ್‌ಗೂ ಸುಲಭಕ್ಕೆ ಸಾಯುವುದಿಲ್ಲ. ನೀರಿನ ಮೇಲ್ಮೈಗೆ ಬಂದು ಸೇರುತ್ತದೆ. ಗುಳ್ಳೆ ಒಡೆದಾಗ ಸಣ್ಣ ಹನಿಗಳ ಜೊತೆ ಗಾಳಿಗೆ ಹಾರುತ್ತದೆ. 2009ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದವರು ಒಂಬತ್ತು ಊರುಗಳಲ್ಲಿ 45 ಕಡೆ ಶವರ್ ಬಿಚ್ಚಿ ಒಳಗಿನ ಲೋಳೆ ಪರೀಕ್ಷೆ ಮಾಡಿದರು. ಬರುವ ನೀರಿನಲ್ಲಿ ಇದ್ದುದಕ್ಕಿಂತ ನೂರು ಪಟ್ಟಿಗೂ ಹೆಚ್ಚು ಏವಿಯಂ ಜಾತಿ ಕೆಲವು ಶವರ್‌ಗಳಲ್ಲಿ ಕೂಡಿಕೊಂಡಿತ್ತು. ಏವಿಯಂ ಅಂದರೆ ಹಕ್ಕಿಗಳದು ಅಂತ ಅರ್ಥ. ಮೊದಲು ಸಿಕ್ಕಿದ್ದು ಕೋಳಿಗಳ ಕ್ಷಯದಲ್ಲಿ.

ನೀರಿನಲ್ಲಿ ಇವು ಅಮೀಬಾದ ಹೊಟ್ಟೆಯೊಳಗೂ ಬದುಕುತ್ತವೆ. ಅಮೀಬಾ ನುಂಗುತ್ತದೆ, ಆದರೆ ಅರಗಿಸಿಕೊಳ್ಳಲು ಆಗುವುದಿಲ್ಲ. ನಮ್ಮ ಶ್ವಾಸಕೋಶದಲ್ಲಿ ಕಾವಲು ಕಾಯುವ ಕಣಗಳು ನುಂಗಿದಾಗಲೂ ಅದೇ ಕತೆ. ಹೊಂಡದಲ್ಲಿ ಕಲಿತ ವಿದ್ಯೆ ಎದೆಯೊಳಗೆ ಉಪಯೋಗಕ್ಕೆ ಬರುತ್ತದೆ. ಇದನ್ನು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಹಾಗಂತ ಹೆದರಿ ಸ್ನಾನ ಬಿಡಬೇಕಿಲ್ಲ. ನಾವೆಲ್ಲರೂ ದಿನಾ ಇವನ್ನು ಉಸಿರಾಡುತ್ತೇವೆ, ಕುಡಿಯುತ್ತೇವೆ. ಏನೂ ಆಗುವುದಿಲ್ಲ. ಕಾಯಿಲೆ ಆಗಬೇಕಾದರೆ ಸಾಮಾನ್ಯವಾಗಿ ಶ್ವಾಸಕೋಶದಲ್ಲಿ ಮೊದಲೇ ಒಂದು ಜಾಗ ಹಾಳಾಗಿರಬೇಕು, ಇಲ್ಲವೇ ದೇಹದ ರಕ್ಷಣೆ ಕುಂದಿರಬೇಕು. ದೊಡ್ಡಮ್ಮನ ವಿಷಯದಲ್ಲಿ ಆ ಜಾಗ 1986ರ ಕಲೆ. ಹಳೇ ಟಿಬಿ ಅಲ್ಲಿನ ಉಸಿರ್ನಾಳಗಳನ್ನು ಹಿಗ್ಗಿಸಿ ಬಿಟ್ಟುಹೋಗಿತ್ತು. ಹಿಗ್ಗಿದ ನಾಳದಿಂದ ಕಫ ಮೇಲೆ ಬರುವುದಿಲ್ಲ, ಅಲ್ಲೇ ನಿಲ್ಲುತ್ತದೆ. ನಿಂತ ಕಫದಲ್ಲಿ ಬ್ಯಾಕ್ಟೀರಿಯಾ ನೆಲೆಯೂರುತ್ತದೆ. ಅದರಿಂದ ನಾಳ ಇನ್ನೂ ಹಿಗ್ಗುತ್ತದೆ. ಟಿಬಿ ಹೋದ ಮೇಲೂ ಟಿಬಿ ಮಾಡಿದ ಗಾಯ ಇನ್ನೊಬ್ಬರಿಗೆ ಬಾಗಿಲು ತೆರೆದು ಕೂತಿರುತ್ತದೆ. ನಮ್ಮ ದೇಶದಲ್ಲಿ ಟಿಬಿಯಿಂದ ಗುಣವಾದವರು ಎಷ್ಟು ಲಕ್ಷ ಜನ ಇರಬೇಕು, ಯೋಚಿಸಿ. ಗುಣವಾಯಿತು ಅಂತ ಬರೆದು ಕಳಿಸಿದ ಮೇಲೆ ಆ ಶ್ವಾಸಕೋಶಗಳನ್ನು ಯಾರು ನೋಡುತ್ತಾರೆ?

ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ ಕೆಲಸ ಮಾಡಿದವರಲ್ಲಿ ಈ ಕಾಯಿಲೆ ಜಾಸ್ತಿ ಕಂಡಿದೆ. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ಆದರೆ ಎನ್‌ಟಿಎಂಗೆ ದಾರಿ ಸುಲಭ. ಓದುವಾಗ ನನಗೆ ನಮ್ಮ ಕೋಲಾರದ ಕೆಜಿಎಫ್ ನೆನಪಾಯಿತು. ಅಲ್ಲಿಯೂ ಗಣಿಯಲ್ಲಿ ದುಡಿದವರಿಗೆ ಸಿಲಿಕೋಸಿಸ್ ಇತ್ತು. 2001ರಲ್ಲಿ ಗಣಿ ಮುಚ್ಚಿತು. ಧೂಳು ಎದೆಯಲ್ಲೇ ಉಳಿಯಿತು.

ಇನ್ನೊಂದು ವಿಷಯ ನಮ್ಮ ಜಿಲ್ಲೆಗೇ ಬಂದು ತಾಗಿತು. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು 1960-61ರಲ್ಲಿ ತುಮಕೂರು ಜಿಲ್ಲೆಯ ಹಳ್ಳಿಹಳ್ಳಿ ಸುತ್ತಿ ಟಿಬಿ ಸಮೀಕ್ಷೆ ಮಾಡಿದ್ದರು. ಆಗ ಟಿಬಿ ಸೋಂಕು ಇದೆಯೇ ಅಂತ ತಿಳಿಯಲು ತೋಳಿಗೆ ಟ್ಯುಬರ್ಕುಲಿನ್ (ಟಿಬಿ ಬ್ಯಾಕ್ಟೀರಿಯಾದಿಂದ ತೆಗೆದ ಸತ್ವ) ಚುಚ್ಚಿ, ಮೂರು ದಿನದ ಮೇಲೆ ಗಂಟು ಎಷ್ಟು ಊದಿದೆ ಅಂತ ಅಳೆಯುತ್ತಿದ್ದರು. ದಕ್ಷಿಣ ಭಾರತದಲ್ಲಿ ಈ ಪರೀಕ್ಷೆಗೆ ಒಂದು ತೊಡಕಿದೆ. ಟಿಬಿ ಸೋಂಕಿಲ್ಲದವರ ತೋಳಲ್ಲೂ ಸಣ್ಣ ಗಂಟು ಏಳುತ್ತದೆ. ಮಣ್ಣು ನೀರಿನ ಮೈಕೋಬ್ಯಾಕ್ಟೀರಿಯಾ ಜೊತೆ ಒಡನಾಡಿದ ಗುರುತು ಅದು. ಮದ್ರಾಸಿನ ಹತ್ತಿರ ಚೆಂಗಲ್ಪಟ್ಟುವಿನಲ್ಲಿ 1968ರಲ್ಲಿ ಶುರುವಾದ ದೊಡ್ಡ ಬಿಸಿಜಿ ಪ್ರಯೋಗದಲ್ಲಿ ಆ ಲಸಿಕೆ ದೊಡ್ಡವರ ಶ್ವಾಸಕೋಶದ ಟಿಬಿಯನ್ನು ತಡೆಯಲಿಲ್ಲ. ಅದಕ್ಕೆ ವಿಜ್ಞಾನಿಗಳು ಕೊಟ್ಟ ಕಾರಣಗಳಲ್ಲಿ ಇದೂ ಒಂದು. ಲಸಿಕೆಗೂ ಮುಂಚೆಯೇ ನಮ್ಮ ಮಣ್ಣು ಜನರ ಮೈಗೆ ತನ್ನ ಪಾಠ ಹೇಳಿಕೊಟ್ಟಿತ್ತು. ಅಂದರೆ ಈ ಬ್ಯಾಕ್ಟೀರಿಯಾ ನಮಗೆ ಹೊಸದಲ್ಲ, ಅಲ್ವಾ? ಹುಡುಕುವುದು ಮಾತ್ರ ಹೊಸದು.

ಪಾಶ್ಚಾತ್ಯ ದೇಶಗಳಲ್ಲಿ ಹಳೇ ಟಿಬಿ ಏನೂ ಇಲ್ಲದ, ತೆಳ್ಳಗಿನ, ವಯಸ್ಸಾದ ಹೆಂಗಸರಲ್ಲೂ ಈ ಕಾಯಿಲೆ ಜಾಸ್ತಿ ಕಾಣುತ್ತದೆ. 1992ರಲ್ಲಿ ಅಮೆರಿಕದ ಇಬ್ಬರು ವೈದ್ಯರು ಒಂದು ಊಹೆ ಮುಂದಿಟ್ಟರು. ನಾಲ್ಕು ಜನರ ಮುಂದೆ ಕೆಮ್ಮಬಾರದು ಅಂತ ಹೆಂಗಸರು ಕೆಮ್ಮು ತಡೆಯುತ್ತಾರೆ, ಕಫ ಒಳಗೇ ನಿಲ್ಲುತ್ತದೆ, ಅದರಿಂದ ಇರಬಹುದೇ ಅಂತ. ಅದು ಸಾಬೀತಾಗಿಲ್ಲ. ಆದರೂ ಓದಿ ನಾನು ಸುಮ್ನೆ ಕೂತುಬಿಟ್ಟೆ. ಮದುವೆ ಮನೆಯಲ್ಲಿ ಸೆರಗಿನ ಅಂಚನ್ನು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಕೆಮ್ಮು ನುಂಗುತ್ತಿದ್ದ ದೊಡ್ಡಮ್ಮ ನನಗೆ ಗೊತ್ತು. ಈಗ ಅವರಿಗೆ ಫಿಸಿಯೋಥೆರಪಿಯವರು ಮೊದಲು ಹೇಳಿಕೊಟ್ಟಿದ್ದೇ ಕೆಮ್ಮುವುದನ್ನು. ಒಂದು ಮಗ್ಗುಲಿಗೆ ಮಲಗಿ, ಉಸಿರು ತುಂಬಿ, ಕನ್ನಡಿಗೆ ಆವಿ ಹಿಡಿಸುವ ಹಾಗೆ ‘ಹಾ’ ಅಂತ ಜೋರಾಗಿ ಬಿಡಬೇಕು. ಕಫ ಹೊರಗೆ ಬರಲೇಬೇಕು. ಬೆಳಿಗ್ಗೆ ಇಪ್ಪತ್ತು ನಿಮಿಷ, ಸಂಜೆ ಇಪ್ಪತ್ತು ನಿಮಿಷ. ನನ್ನ ಮಟ್ಟಿಗೆ ಮಾತ್ರೆಯಷ್ಟೇ ದೊಡ್ಡ ಔಷಧಿ ಇದು.

ಮಾತ್ರೆ 2019ರ ಕೊನೆಗೆ ಶುರುವಾಯಿತು. ಅಜಿಥ್ರೊಮೈಸಿನ್, ರಿಫಾಂಪಿಸಿನ್, ಎಥಾಂಬುಟಾಲ್. ಕಫದಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದು ನಿಂತ ಮೇಲೆ ಇನ್ನೂ ಹನ್ನೆರಡು ತಿಂಗಳು ನುಂಗಬೇಕು. ದಿನ ಎಣಿಸುವುದು ಶುರು ಮಾಡುವುದೇ ನೆಗೆಟಿವ್ ಬಂದ ದಿನದಿಂದ. ಎಥಾಂಬುಟಾಲ್ ಕಣ್ಣಿಗೆ ತೊಂದರೆ ಕೊಡಬಹುದು, ಕೆಂಪು ಹಸಿರು ಬಣ್ಣದ ಗುರುತು ತಪ್ಪಬಹುದು. ಅದಕ್ಕೆ ದೊಡ್ಡಮ್ಮ ದಿನಾ ಬೆಳಿಗ್ಗೆ ಒಂದೊಂದೇ ಕಣ್ಣು ಮುಚ್ಚಿ ಕ್ಯಾಲೆಂಡರಿನ ಕೆಂಪಕ್ಷರದ ರಜೆ ದಿನಗಳನ್ನು ಓದುತ್ತಿದ್ದರು. ಬಾಯಿ ಕಹಿ, ಹೊಟ್ಟೆ ತೊಳಸು, ಊಟ ಸೇರದು. ಟಿಬಿಗೆ ಸರ್ಕಾರ ಮಾತ್ರೆ ಕೊಡುತ್ತಿತ್ತು, ವಿಚಾರಿಸಲು ಆಶಾ ಕಾರ್ಯಕರ್ತೆ ಬರುತ್ತಿದ್ದರು. ಟಿಬಿ ಅಲ್ಲ ಅಂತಾದ ಮೇಲೆ ಅದೆಲ್ಲ ನಿಂತಿತು. ಮಾತ್ರೆಯನ್ನು ನಾವೇ ಕೊಂಡೆವು. ಎರಡು ಗೊನೆ ಬಾಳೆ ಮತ್ತು ಕೊಬ್ಬರಿ ಮಾರಿದ ದುಡ್ಡು ತೆಗೆದಿಡುತ್ತಿದ್ದರು ದೊಡ್ಡಪ್ಪ. ಎಲ್ಲರಿಗೂ ತೋಟ ಇರುವುದಿಲ್ಲ. ಟಿಬಿ ಪಟ್ಟಿಯಿಂದ ಹೆಸರು ತೆಗೆದ ಮೇಲೆ ಈ ಜನರಿಗೂ ಒಂದು ಪಟ್ಟಿ ಬೇಡವೇ? ಕಫ ಪಾಸಿಟಿವ್, ಸಿಬಿನಾಟ್ ನೆಗೆಟಿವ್ ಬಂದ ಪ್ರತಿಯೊಬ್ಬರ ಕಫವೂ ಕಲ್ಚರ್‌ಗೆ ಹೋಗಬೇಕು. ಇದನ್ನು ಯಾರು ಕೇಳಿದರೂ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ.

ಇದು ಅಂಟುವ ಕಾಯಿಲೆ ಅಲ್ಲ ಅಂತ ಡಾಕ್ಟರ್ ಹೇಳಿದ ದಿನ ಕಾರಿನಲ್ಲಿ ದೊಡ್ಡಮ್ಮ ತುಮಕೂರು ದಾಟುವವರೆಗೂ ಮಾತಾಡಲಿಲ್ಲ. ಆಮೇಲೆ ಕೇಳಿದರು, “ಹಂಗಾದ್ರೆ ಪುಟ್ಟಿಗೆ ಸುಮ್ನೆ ಮಾತ್ರೆ ನುಂಗಿಸಿದ್ವೇನೇ?”

ಪುಟ್ಟಿ ಅವರ ಮೊಮ್ಮಗಳು. 2014ರಲ್ಲಿ ಅವಳಿಗೆ ಎರಡು ವರ್ಷ. ಮನೆಯಲ್ಲಿ ಟಿಬಿ ಇದ್ದರೆ ಆಗ ಆರು ವರ್ಷದೊಳಗಿನ ಮಕ್ಕಳಿಗೆ ಮುನ್ನೆಚ್ಚರಿಕೆಗೆ ಆರು ತಿಂಗಳು ಐಸೋನಿಯಾಜಿಡ್ ಅನ್ನುವ ಟಿಬಿ ಮಾತ್ರೆ ಕೊಡುತ್ತಿದ್ದರು. ಅದು ಸರಿಯಾದ ಕ್ರಮವೇ ಆಗಿತ್ತು. ಪುಟ್ಟಿ ಬಾಯಿ ಬಿಗಿಹಿಡಿದು ಅಳುತ್ತಿದ್ದಳು. ಜೇನುತುಪ್ಪದಲ್ಲಿ ಕಲಸಿ ಕೊಡುತ್ತಿದ್ದರು. ಅವಳನ್ನು ತೊಡೆ ಮೇಲೆ ಕೂರಿಸಿಕೊಳ್ಳುವುದನ್ನು ದೊಡ್ಡಮ್ಮ ಐದು ವರ್ಷ ಬಿಟ್ಟಿದ್ದರು. 2014ರಲ್ಲಿ ಇದ್ದದ್ದು ಯಾವುದು ಅಂತ ನಾನು ಡಾಕ್ಟರನ್ನು ಕೇಳಿದೆ. ಅವರು ನಿಧಾನವಾಗಿ ಹೇಳಿದರು, “ಆ ಕಫ ಈಗ ಎಲ್ಲೂ ಇಲ್ಲವಲ್ಲಮ್ಮ.”

2021ರಲ್ಲಿ ಕೋರ್ಸು ಮುಗಿಯಿತು. ದೊಡ್ಡಮ್ಮ ನಾಲ್ಕು ಕೆ.ಜಿ. ತೂಕ ಹೆಚ್ಚಿಸಿಕೊಂಡರು. ಆದರೆ ಈ ಕಾಯಿಲೆ ಮತ್ತೆ ಬರಬಹುದು. ಹಾಗೆ ಬಂದಾಗ ಎಷ್ಟೋ ಸಲ ಅದು ಹಳೆಯದು ಎದ್ದದ್ದಾಗಿರುವುದಿಲ್ಲ, ಸುತ್ತಲಿನ ನೀರು ಮಣ್ಣಿನಿಂದ ಹೊಸದಾಗಿ ಹತ್ತಿದ್ದಾಗಿರುತ್ತದೆ. ಅದಕ್ಕೇ ಕೆಲವು ಪದ್ಧತಿ ಬದಲಾಗಿವೆ. ಶವರ್ ತೆಗೆಸಿದ್ದೇವೆ. ಅವರಿಗೆ ಹಂಡೆಯ ನೀರು, ಚೊಂಬು, ಬಚ್ಚಲ ಕಿಟಕಿ ತೆರೆದೇ ಇರಬೇಕು. ಹೂಕುಂಡಗಳಿಗೆ ಒಣ ಗೊಬ್ಬರ ಬೆರೆಸುವಾಗ ಮಾಸ್ಕ್ ಹಾಕಿಕೊಳ್ಳುತ್ತಾರೆ, ಮೊದಲು ಮಣ್ಣಿಗೆ ನೀರು ಚಿಮುಕಿಸುತ್ತಾರೆ. ಗಿಡ ಬಿಡಿ ಅಂತ ಹೇಳಲು ನಮಗ್ಯಾರಿಗೂ ಬಾಯಿ ಬರಲಿಲ್ಲ, ಡಾಕ್ಟರಿಗೂ.

ಗೂಡಿನಲ್ಲಿದ್ದ ತಟ್ಟೆ ಈಗ ಮಿಕ್ಕ ತಟ್ಟೆಗಳ ಜೊತೆ ಇದೆ. ಅವರೇ ಇಟ್ಟರು, ಅಂಟುವುದಿಲ್ಲ ಅಂತ ಗೊತ್ತಾದ ಎಷ್ಟೋ ತಿಂಗಳ ಮೇಲೆ. ಲೋಟ ಮಾತ್ರ ಇನ್ನೂ ಗೂಡಿನಲ್ಲೇ ಇದೆ. ನಾನು ಕೇಳಿಲ್ಲ.

ಕಳೆದ ತಿಂಗಳು ಮತ್ತೆ ಸ್ವಲ್ಪ ಕೆಮ್ಮು ಕಾಣಿಸಿಕೊಂಡಿದೆ. ಎರಡು ಡಬ್ಬಿಗಳಲ್ಲಿ ಒಂದನ್ನು ಕೊಟ್ಟು ಬಂದಿದ್ದೇವೆ. ಇನ್ನೊಂದನ್ನು ಸೋಮವಾರ ಬೆಳಿಗ್ಗೆ ಕೊಡಬೇಕು.